ಹಾಸಿಗೆ ಹಿಡಿದ ಅತ್ತೆ

ಮುದ್ರಣಾಲಯದಲ್ಲಿ ಹದಿನೇಳು ವರ್ಷ ಕರಡು ತಿದ್ದಿದವನಿಗೆ ಲೋಕದಲ್ಲಿ ಎರಡೇ ಜಾತಿಯ ಮನುಷ್ಯರು ಕಾಣುತ್ತಾರೆ. ಮಹಾಪ್ರಾಣ ಎಲ್ಲಿ ಹಾಕಬೇಕೆಂದು ಬಲ್ಲವರು, ಅರಿಯದವರು. ನಮ್ಮ ಗೃಹಸ್ಥ ಮೊದಲನೆಯ ಜಾತಿಗೆ ಸೇರಿದವನು, ಬಹುಶಃ ಅದರ ಏಕೈಕ ಸದಸ್ಯ. ಅವನ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಬಸ್ಸಿನ ಸೀಟಿನ ಬೆನ್ನಿಗೆ ಯಾರೋ ಗೀಚಿದ ಬೈಗುಳವನ್ನೂ ಅವನು ವ್ಯಾಕರಣಶುದ್ಧಗೊಳಿಸದೆ ಇಳಿಯುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವವರು ಅವನಿಗೆ ‘ಒತ್ತಕ್ಷರ’ ಎಂದು ಹೆಸರಿಟ್ಟಿದ್ದರು. ಅಕ್ಷರಗಳು ಅವನಿಗೆ ಎಷ್ಟು ನಿಚ್ಚಳವಾಗಿ ಕಾಣುತ್ತಿದ್ದವೆಂದರೆ, ಅವುಗಳ ಅರ್ಥ ಮಾತ್ರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಒತ್ತಕ್ಷರ ಮತ್ತು ಅವನ ಹೆಂಡತಿ ಮೂರನೆಯ ಮಹಡಿಯ ಹೊಸ ಮನೆಗೆ ಬಂದು ಎಂಟು ದಿನವಾಗಿತ್ತು. ಗೋಡೆಗಳಿಗೆ ಇನ್ನೂ ಬಣ್ಣದ ವಾಸನೆ, ಅಡುಗೆಮನೆಯಲ್ಲಿ ಬಿಚ್ಚದ ಡಬ್ಬಗಳು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಗಂಡನ ಕಡೆಗೂ ‘ಕೊನೇ ಸಾಲು ಓದಿ ನೋಡೋಣ’ ಎಂಬಂತೆಯೇ ನೋಡುತ್ತಿದ್ದಳು. ಅವಳ ತಾಯಿ ಶುಕ್ರವಾರ ಬರುವವರಿದ್ದರು. ನಾಲ್ಕು ದಿನ ಇದ್ದು ಹೋಗುವ ಏರ್ಪಾಡು.

“ಅಮ್ಮ ಬರೋದ್ರೊಳಗೆ ಮಂಚ ಬರುತ್ತಾ?” ಎಂದು ಹೆಂಡತಿ ಕೇಳಿದಳು.

“ಬರದೆ ಏನು? ನಾನೇ ಅತ್ತೆಗೆ ಫೋನ್ ಮಾಡಿ ಹೇಳಿಯಾಯ್ತು. ಮಂಚದಿಂದ ಹಿಡಿದು ಸೋಪಿನ ಡಬ್ಬಿವರೆಗೆ ಎಲ್ಲ ಸಿದ್ಧ, ನೀವು ಬಂದು ಮಲಗೋದೊಂದೇ ಬಾಕಿ ಅಂದೆ.”

ಸೋಪಿನ ಡಬ್ಬಿ ಬಂದಿತ್ತು.

ಅತ್ತೆಯವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಮೂವತ್ತೈದು ವರ್ಷ ಶಾಲೆಯ ಮಕ್ಕಳಿಗೆ ಈಜು ಕಲಿಸಿ ನಿವೃತ್ತರಾದವರು. ವಯಸ್ಸು ಅರವತ್ತೊಂಬತ್ತು. ಲಿಫ್ಟನ್ನು ಸೋಮಾರಿಗಳ ಪೆಟ್ಟಿಗೆ ಎನ್ನುತ್ತಿದ್ದರು. ಶುಕ್ರವಾರ ಸಂಜೆ, ತಮ್ಮ ಸ್ವಂತ ಹಾಸಿಗೆಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು, ಮೂರು ಮಹಡಿ ಮೆಟ್ಟಿಲು ಹತ್ತಿ ಬಂದರು. ಎದುರು ಮನೆಯಾಕೆ ಬಾಗಿಲ ಸಂದಿಯಿಂದ ಇಣುಕಿ ನೋಡಿ, “ಸಾಮಾನು ಹೊರೋಕೆ ಹೆಂಗಸರನ್ನೂ ಇಟ್ಕೊಂಡಿದ್ದಾರೆ ಈಗ” ಎಂದುಕೊಂಡು ಬಾಗಿಲು ಹಾಕಿಕೊಂಡರು.

ಅತ್ತೆ ಹಾಲಿನಲ್ಲಿ ನಿಂತು ನೋಡಿದರು. ಕೋಣೆಯಲ್ಲಿ ನೋಡಿದರು. ಇನ್ನೊಂದು ಕೋಣೆಯಲ್ಲೂ ನೋಡಿದರು.

“ಅಳಿಯಂದ್ರೇ, ಮಂಚ ಎಲ್ಲಿ?”

“ದಾರೀಲಿದೆ ಅತ್ತೆ.”

“ದಾರೀಲಿ ಮಲಗೋಕೆ ನಾನು ಇಲ್ಲೀತನಕ ಬರ್ಬೇಕಿತ್ತಾ?”

ಅಷ್ಟು ಹೇಳಿ ಹಾಸಿಗೆಯ ಸುರುಳಿಯನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಕುಳಿತು, ಎರಡೂ ಕೈಯಿಂದ ಅದನ್ನು ಹಿಡಿದುಕೊಂಡರು. ಮಂಚ ಬಂದ ಹೊರತು ಹಾಸಿಗೆ ಬಿಚ್ಚುವುದಿಲ್ಲ, ಅಳಿಯನ ಜೊತೆ ಮಾತೂ ಆಡುವುದಿಲ್ಲ ಎಂದು ಮಗಳಿಗೆ ತಿಳಿಸಿದರು. ಕುಳಿತಲ್ಲೇ ಉಂಡರು, ಕುಳಿತಲ್ಲೇ ನಿದ್ದೆ ಮಾಡಿದರು. ಅವರ ಗೊರಕೆಯಲ್ಲೂ ಒಂದು ಆಕ್ಷೇಪಣೆ ಇತ್ತು.

ಶನಿವಾರ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಟಳು. ವಾರದ ಕೊನೆಯಲ್ಲೇ ಜನರಿಗೆ ಕಣ್ಣು ಮಂಜಾಗುವುದು, ಹಾಗಾಗಿ ಅವಳಿಗೆ ರಜೆಯಿಲ್ಲ. “ಸಂಜೆ ನಾನು ಬರೋ ಹೊತ್ತಿಗೆ ಮಂಚ ಇರ್ಬೇಕು. ಇಲ್ಲಾಂದ್ರೆ ಅಮ್ಮನ್ನ ನೀವೇ ಎತ್ಕೊಂಡು ನಿಂತ್ಕೊಳ್ಳಿ” ಎಂದು ಹೋದಳು. ಒತ್ತಕ್ಷರ ಬಾಲ್ಕನಿಗೆ ಹೋಗಿ ಮಂಚದ ಸಂಸ್ಥೆಗೆ ಫೋನು ಮಾಡಿದ. ಅದು ಹತ್ತೊಂಬತ್ತನೆಯ ಸಲ.

ಮೊದಲು ಎಂದಿನಂತೆ ಧ್ವನಿಮುದ್ರಿಕೆ ಬಂತು. ಇಪ್ಪತ್ತು ನಿಮಿಷ ಕೊಳಲು ಕೇಳಿಸಿತು. ಆಮೇಲೆ ಒಬ್ಬ ಯುವತಿಯ ದನಿ.

“ನಮಸ್ಕಾರ ಸರ್, ನಿಮ್ಮ ತೊಂದರೆ ನಮಗೆ ಅರ್ಥ ಆಗುತ್ತೆ.”

“ನಾನಿನ್ನೂ ಹೇಳೇ ಇಲ್ವಲ್ಲಮ್ಮ.”

“ಹೇಳೋಕೆ ಮುಂಚೆನೇ ಅರ್ಥ ಆಗುತ್ತೆ ಸರ್. ಒಂದು ನಿಮಿಷ... ನಮ್ಮ ಕಂಪ್ಯೂಟರ್ ಪ್ರಕಾರ ನೀವು ಮಂಗಳವಾರದಿಂದ ಮಂಚದ ಮೇಲೆ ಮಲಗ್ತಾ ಇದ್ದೀರಿ.”

“ನಾನು ನೆಲದ ಮೇಲೆ ಮಲಗ್ತಾ ಇದ್ದೀನಿ!”

“ಇನ್ನೊಂದ್ಸಲ ನೋಡಿ ಸರ್. ಕೆಲವೊಮ್ಮೆ ಪರದೆ ಹಿಂದೆ ಇರುತ್ತೆ.”

 ಒತ್ತಕ್ಷರ ಜಗಳವಾಡುವ ಪೈಕಿಯವನಲ್ಲ. ಕಷ್ಟ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೇ ಅವನ ಕೊನೆಯ ಅಸ್ತ್ರ.

“ನೋಡಮ್ಮ, ನಮ್ಮತ್ತೆ ಊರಿಂದ ಬಂದವರೇ ಹಾಸಿಗೆ ಹಿಡಿದುಬಿಟ್ಟಿದ್ದಾರೆ.”

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. “ಅಯ್ಯೋ! ಹಾಸಿಗೆ ಹಿಡಿದಿದ್ದಾರಾ? ಯಾವಾಗಿಂದ ಸರ್?”

“ನಿನ್ನೆ ಸಂಜೆಯಿಂದ. ಬಿಡ್ತಾನೇ ಇಲ್ಲ.”

“ವಯಸ್ಸು?”

“ಅರವತ್ತೊಂಬತ್ತು.”

“ಎದ್ದು ಓಡಾಡ್ತಾರಾ?”

“ಎಲ್ಲಮ್ಮ? ಕೂತಲ್ಲೇ ಊಟ, ಕೂತಲ್ಲೇ ನಿದ್ದೆ.”

“ಮಾತು?”

“ಮಾತು ನಿಂತು ಹದಿನಾಲ್ಕು ಗಂಟೆ ಆಯ್ತು.”

“ಯಾರನ್ನಾದ್ರೂ ಗುರುತು ಹಿಡೀತಾರಾ ಸರ್?”

“ಮಗಳನ್ನ ಹಿಡೀತಾರೆ. ನನ್ನ ಕಂಡ್ರೆ ಮಾತ್ರ ಯಾರೋ ದಾರಿಹೋಕನ ಹಾಗೆ ನೋಡ್ತಾರೆ.”

ಆ ಕಡೆ ಯುವತಿ ಮೂಗು ಏರಿಸಿಕೊಂಡ ಸದ್ದು. “ಸರ್, ನಮ್ಮಜ್ಜಿನೂ ಹೀಗೇ ಇದ್ರು. ನೀವು ಧೈರ್ಯವಾಗಿರಿ. ನಿಮ್ಮದನ್ನ ನಾನು ವಿಶೇಷ ವಿಭಾಗಕ್ಕೆ ಹಾಕ್ತೀನಿ. ಎರಡು ಗಂಟೆಯಲ್ಲಿ ಮಂಚ ನಿಮ್ಮ ಮನೇಲಿರುತ್ತೆ.”

ಒತ್ತಕ್ಷರ ಫೋನಿಟ್ಟು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಯತ್ನಿಸಿದ. ಕೈ ಎಟುಕಲಿಲ್ಲ. ಒಳಗೆ ಬಂದು, “ಅತ್ತೆ, ಮಾತಾಡೋ ರೀತೀಲಿ ಮಾತಾಡಿದ್ರೆ ಎಲ್ಲ ಕೆಲಸ ಆಗುತ್ತೆ. ಎರಡೇ ಗಂಟೆ!” ಎಂದ.

ಆ ಎರಡು ಗಂಟೆ ತುಂಬಲು ಇನ್ನೂ ಹತ್ತು ನಿಮಿಷವಿದ್ದಾಗ ಅತ್ತೆ ಎದ್ದು ನಿಂತರು. “ಇನ್ನು ನನ್ನ ಕೈಲಾಗಲ್ಲ. ಬೆನ್ನು ಹಿಡ್ಕೊಂಡಿದೆ. ಈ ಕಡೆ ಎಲ್ಲೋ ಈಜುಕೊಳ ಇದೆಯಂತೆ, ಹೋಗ್ತೀನಿ” ಎಂದು, ಮಾತು ಬಿಟ್ಟದ್ದನ್ನೂ ಮರೆತು ಅಳಿಯನನ್ನು ನಾಲ್ಕು ಮಾತು ಬೈದು, ದಡದಡನೆ ಮೆಟ್ಟಿಲಿಳಿದು ಹೋದರು.

ಅವರು ತಿರುವಿನಲ್ಲಿ ಮರೆಯಾಗುತ್ತಲೇ ಬಿಳಿಯ ವ್ಯಾನೊಂದು ಬಂದು ನಿಂತಿತು. ಬಿಳಿ ಸಮವಸ್ತ್ರದ ಇಬ್ಬರು ಇಳಿದು, ಲಿಫ್ಟಿನಲ್ಲಿ ಹಿಡಿಸದ್ದರಿಂದ ಮೆಟ್ಟಿಲ ಮೇಲೆ ಹೊತ್ತು ತಂದದ್ದು ಸಾಮಾನ್ಯ ಮಂಚವಲ್ಲ. ಅದಕ್ಕೆ ನಾಲ್ಕು ಗಾಲಿ. ಎರಡೂ ಬದಿಗೆ ಉಕ್ಕಿನ ಕಂಬಿ. ತಲೆಯ ಕಡೆ ಔಷಧದ ಬಾಟಲಿ ತೂಗುಹಾಕುವ ಕೊಕ್ಕೆ. ಪಕ್ಕದಲ್ಲಿ ಒಂದು ಗುಂಡಿಪಟ್ಟಿ. ಒತ್ತಿದರೆ ತಲೆ ಏಳುತ್ತದೆ, ಇನ್ನೊಂದನ್ನು ಒತ್ತಿದರೆ ಕಾಲು ಏಳುತ್ತದೆ, ಎರಡನ್ನೂ ಒತ್ತಿದರೆ ಮಲಗಿದವರು ಮಡಚಿದ ಪತ್ರದಂತಾಗುತ್ತಾರೆ.

“ಇದ್ಯಾಕೆ ಹೀಗಿದೆ?” ಎಂದ ಒತ್ತಕ್ಷರ.

“ವಿಶೇಷ ವಿಭಾಗ ಸರ್. ಪೇಷಂಟ್ ಎಲ್ಲಿ?”

“ಯಾವ ಪೇಷಂಟ್?”

ಇಬ್ಬರೂ ಪರಸ್ಪರ ಮುಖ ನೋಡಿಕೊಂಡು, ಸಹಿ ಹಾಕಿಸಿಕೊಂಡು, ತುದಿಗಾಲಲ್ಲಿ ನಡೆದು ಹೋದರು.

ಕಟ್ಟಡದಲ್ಲಿ ಆಸ್ಪತ್ರೆ ಮಂಚವೊಂದು ಮೂರು ಮಹಡಿ ಏರಿದರೆ ಸುದ್ದಿ ಅದಕ್ಕಿಂತ ಮೊದಲೇ ಏರಿರುತ್ತದೆ. ಐದು ನಿಮಿಷದಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ಬಂದರು. ಅವರು ಯಾವುದೋ ಕಚೇರಿಯಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ಈಗ ಮೇಲ್ವಿಚಾರಣೆಗೆ ಕಟ್ಟಡವೊಂದೇ ಉಳಿದಿತ್ತು. ಅವರ ಹಿಂದೆ ಎದುರು ಮನೆಯಾಕೆ.

“ಯಾರಿಗೆ ಸರ್ ಈ ಮಂಚ?” ಎಂದರು ಕಾರ್ಯದರ್ಶಿ, ದನಿ ತಗ್ಗಿಸಿ.

“ನಮ್ಮತ್ತೆಗೆ.”

“ಈಗ ಹೇಗಿದ್ದಾರೆ?”

“ಈಗ ತಾನೆ ಹೋದ್ರು ಸರ್.”

ಎದುರು ಮನೆಯಾಕೆ ಬಾಯಿಗೆ ಸೆರಗು ಹಿಡಿದರು. ಕಾರ್ಯದರ್ಶಿಯ ಕನ್ನಡಕ ಮೂಗಿನ ತುದಿಗೆ ಜಾರಿತು. “ಮಂಚ ಬರೋಕೆ ಮುಂಚೆನೇ?”

“ಹತ್ತು ನಿಮಿಷ ಮುಂಚೆ. ಕಾದು ಕಾದು ಸಾಕಾಯ್ತು ಅವರಿಗೂ.”

“ಕೊನೇಲಿ ಏನಾದ್ರೂ ಅಂದ್ರಾ?”

“‘ಇನ್ನು ನನ್ನ ಕೈಲಾಗಲ್ಲ’ ಅಂದ್ರು.”

“ನೆಮ್ಮದಿಯಾಗಿ ಹೋದ್ರಾ?” ಎಂದು ಎದುರು ಮನೆಯಾಕೆ ಗದ್ಗದಿತರಾಗಿ ಕೇಳಿದರು.

“ಎಲ್ಲಿ ನೆಮ್ಮದಿ? ನನ್ನ ಬೈಕೊಂಡೇ ಹೋದ್ರು.”

“ಛೆ ಛೆ, ಅದನ್ನ ಮನಸ್ಸಿಗೆ ಹಚ್ಕೋಬೇಡಿ” ಎಂದು ಕಾರ್ಯದರ್ಶಿ ಅವನ ಭುಜ ಹಿಡಿದರು. “ಈಗ... ಅವರನ್ನ ಮನೆಗೆ ತರೋದು ಯಾವಾಗ?”

“ತರೋದೇನು ಸರ್? ಊಟದ ಹೊತ್ತಿಗೆ ಅವರೇ ಬರ್ತಾರೆ.”

ಕಾರ್ಯದರ್ಶಿ ಮತ್ತು ಎದುರು ಮನೆಯಾಕೆ ದೀರ್ಘವಾಗಿ ಕಣ್ಣಿಗೆ ಕಣ್ಣು ಕೊಟ್ಟು ನೋಡಿಕೊಂಡರು. ಅವರಿಗೆ ಎಲ್ಲವೂ ಅರ್ಥವಾಯಿತು. ಆಘಾತದಲ್ಲಿ ಮನುಷ್ಯನ ತಲೆ ಕೆಟ್ಟಿದೆ.

“ಹೌದು ಹೌದು, ಬರ್ತಾರೆ” ಎಂದರು ಕಾರ್ಯದರ್ಶಿ, ಮಗುವಿಗೆ ಹೇಳುವಂತೆ. “ನೀವು ಸ್ವಲ್ಪ ನೀರು ಕುಡೀರಿ.”

ಹೊಸ ನೆರೆಯವರು ಇಷ್ಟು ಅಂತಃಕರಣದವರು ಎಂದು ತಿಳಿದು ಒತ್ತಕ್ಷರನಿಗೆ ಹೃದಯ ತುಂಬಿ ಬಂತು. ಅವನು ನೀರು ಕುಡಿದ.

ಅತ್ತೆ ಊಟದ ಹೊತ್ತಿಗೆ ಬಂದರು. ಮಂಚವನ್ನು ಮೂರು ಸುತ್ತು ಹಾಕಿ ನೋಡಿದರು. ಕಂಬಿ ಅಲುಗಿಸಿದರು. ಹತ್ತಿ ಮಲಗಿ ಒಂದು ಗುಂಡಿ ಒತ್ತಿದರು. ತಲೆ ಮೆಲ್ಲನೆ ಮೇಲೆದ್ದಿತು. ಇನ್ನೊಂದು ಒತ್ತಿದರು. ಕಾಲು ಎದ್ದವು. ಅವರ ಮುಖದ ಮೇಲೆ, ಒತ್ತಕ್ಷರ ಆರು ವರ್ಷದಲ್ಲಿ ಒಮ್ಮೆಯೂ ಕಾಣದ ಒಂದು ನಗು ಬಂತು.

“ಪರವಾಗಿಲ್ಲ ಅಳಿಯಂದ್ರೇ” ಎಂದು ಹಾಸಿಗೆ ಬಿಚ್ಚಿ ಹಾಸಿದರು.

ಆ ಮಧ್ಯಾಹ್ನ ಯಾರೋ ಬಾಗಿಲ ಹೊರಗೆ ಅನ್ನ ಸಾರಿನ ಡಬ್ಬಿ ಇಟ್ಟು, ಗಂಟೆ ಬಾರಿಸದೆ ಹೋದರು. ಸ್ವಲ್ಪ ಹೊತ್ತಿಗೆ ಹಣ್ಣು ಬಂತು. ಅತ್ತೆ ಎಲ್ಲವನ್ನೂ ತಲೆ ಎತ್ತಿಸಿಕೊಂಡು ಕುಳಿತು ತಿಂದರು. “ಒಳ್ಳೇ ಜನ ಇದ್ದಾರೆ ಇಲ್ಲಿ” ಎಂದರು.

ಸಂಜೆ ಒತ್ತಕ್ಷರ ಮೊಳೆ ತರಲು ಇಳಿದಾಗ ಕೆಳಗಿನ ಸೂಚನಾ ಫಲಕದಲ್ಲಿ ಹೊಸ ಕಾಗದ ಅಂಟಿಸಿತ್ತು. ‘ಶ್ರದ್ದಾಂಜಲಿ ಸಬೆ. ಮೂರನೆ ಮಹಡಿಯ ಹೊಸ ಕುಟುಂಬದ ಹಿರಿಯರ ನೆನಪಿಗೆ. ಬಾನುವಾರ ಬೆಳಿಗ್ಗೆ ಹನ್ನೊಂದು ಘಂಟೆಗೆ. ಎಲ್ಲರೂ ಬನ್ನಿ.’ ಅವನ ಕಣ್ಣು ಹದ್ದಿನಂತೆ ಎರಗಿತು. ಕೆಂಪು ಪೆನ್ನು ತೆಗೆದ. ‘ಶ್ರದ್ಧಾಂಜಲಿ’ ಮಾಡಿದ, ‘ಸಭೆ’ ಮಾಡಿದ, ‘ಭಾನುವಾರ’ ಮಾಡಿದ. ಗಂಟೆಯಲ್ಲಿ ಅನಗತ್ಯವಾಗಿ ಕುಳಿತಿದ್ದ ಮಹಾಪ್ರಾಣವನ್ನು ಕಿತ್ತು ಹಾಕಿದ. ಹೀಗೆ ಮೂರು ಮಹಾಪ್ರಾಣ ಕೊಟ್ಟು ಒಂದನ್ನು ತೆಗೆದವನಿಗೆ, ಅಲ್ಲಿ ತನ್ನ ಮನೆಯದೇ ಒಂದು ಪ್ರಾಣ ಹೋಗಿದೆಯೆಂಬುದು ಮಾತ್ರ ಗಮನಕ್ಕೆ ಬರಲಿಲ್ಲ. ಅಭ್ಯಾಸದಂತೆ ಮೂಲೆಯಲ್ಲಿ ಸಹಿ ಹಾಕಿ, ಮೊಳೆ ತರಲು ಹೋದ.

ಕಾರ್ಯದರ್ಶಿ ಅದನ್ನು ನೋಡಿ ಕಣ್ಣೊರೆಸಿಕೊಂಡರಂತೆ. “ಇಷ್ಟು ದುಃಖದಲ್ಲೂ ಮನುಷ್ಯ ಕರ್ತವ್ಯ ಬಿಟ್ಟಿಲ್ಲ!”

ಹೆಂಡತಿಯಾದರೂ ಓದಬಾರದಿತ್ತೆ ಎಂದು ನೀವು ಕೇಳಬಹುದು. ದಿನವಿಡೀ ಜನರಿಂದ ಅಕ್ಷರ ಓದಿಸಿ ಸುಸ್ತಾದ ಆಕೆ, ಕೆಲಸ ಬಿಟ್ಟ ಮೇಲೆ ಯಾವ ಫಲಕವನ್ನೂ ಓದುವುದಿಲ್ಲವೆಂದು ಪಣ ತೊಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಹೆಂಡತಿ ಅಂಗಡಿಗೂ ಅತ್ತೆ ಈಜುಕೊಳಕ್ಕೂ ಹೋದ ಮೇಲೆ ಎದುರು ಮನೆಯಾಕೆ ಬಂದು, ಒತ್ತಕ್ಷರನ ಮೊಣಕೈ ಹಿಡಿದು, “ಬನ್ನಿ, ಎಲ್ಲ ಕಾಯ್ತಾ ಇದ್ದಾರೆ” ಎಂದರು. ಹೊಸಬರನ್ನು ಸ್ವಾಗತಿಸುವ ಸಭೆಯಿರಬೇಕೆಂದು ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಗುತ್ತ ಬಂದ. ಆ ನಗುವನ್ನು ನೋಡಿ ಮೆಟ್ಟಿಲ ಬಳಿ ಇಬ್ಬರು ಹೆಂಗಸರು ಅತ್ತರು.

ಕೆಳಗಿನ ಸಭಾಂಗಣದಲ್ಲಿ ನಲವತ್ತು ಜನ. ಮುಂದೆ ಒಂದು ಕುರ್ಚಿ, ಕುರ್ಚಿಯ ಮೇಲೆ ಹೂವು, ಹೂವಿನ ಹಿಂದೆ ಒಂದು ಖಾಲಿ ಚೌಕಟ್ಟು. ಕಾರ್ಯದರ್ಶಿ ಎದ್ದು ನಿಂತರು.

“ಭಾವಚಿತ್ರ ಸಿಗದ ಕಾರಣ ಚೌಕಟ್ಟನ್ನೇ ಇಟ್ಟಿದ್ದೇವೆ. ನಾವ್ಯಾರೂ ಆ ಮಹಾತಾಯಿಯನ್ನು ನೋಡಲಿಲ್ಲ. ಒಂದು ಮಂಚಕ್ಕಾಗಿ ಕಾದು ಕಾದು ಅವರು ಕಣ್ಮುಚ್ಚಿದರು. ಆ ಸಂಸ್ಥೆ ಎರಡು ಗಂಟೆ ಎಂದಿತ್ತು. ಹತ್ತು ನಿಮಿಷ ಮುಂಚೆ ಬಂದಿದ್ದರೆ ಇಂದು ನಮ್ಮ ಈ ಸಹೋದರನ ಅತ್ತೆ ನಮ್ಮೊಡನೆ ಇರುತ್ತಿದ್ದರು.”

ಒತ್ತಕ್ಷರನ ನಗು ಅರ್ಧಕ್ಕೆ ನಿಂತಿತು. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ಅಕ್ಷರಕ್ಕಿಂತ ಮೊದಲು ಅರ್ಥ ಹೊಳೆಯಿತು. ಛಂಗನೆ ಎದ್ದ.

“ಸರ್! ಒಂದು ತಪ್ಪಾಗಿದೆ!”

“ತಪ್ಪು ನಿಮ್ಮದಲ್ಲ” ಎಂದು ಕಾರ್ಯದರ್ಶಿ ಅವನನ್ನು ಬಾಚಿ ತಬ್ಬಿಕೊಂಡರು.

ಅವರ ತೋಳಿನ ಕೆಳಗಿಂದ ಒತ್ತಕ್ಷರ ಕೂಗಿದ, “ಅವರು ಬದುಕಿದ್ದಾರೆ!”

“ಬದುಕೇ ಇರ್ತಾರೆ” ಎಂದರು ಎದುರು ಮನೆಯಾಕೆ. “ನಮ್ಮೆಲ್ಲರ ಮನಸ್ಸಲ್ಲಿ.”

ಸಭೆ ಬಿಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ, ತಟ್ಟಬಾರದಿತ್ತೆಂದು ಹೊಳೆದು, ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡರು.

“ಇವತ್ತು ಬೆಳಿಗ್ಗೆ ಆರಕ್ಕೆ ನನ್ನ ಎಬ್ಬಿಸಿದ್ರು!”

“ನಮ್ಮ ಯಜಮಾನರು ಹೋದ ಮೇಲೆ ನನಗೂ ಹಾಗೇ ಅನ್ನಿಸ್ತಿತ್ತು” ಎಂದರು ಮೊದಲ ಮಹಡಿಯ ಮುದುಕಿ.

“ಆ ಮಂಚದ ಮೇಲೆ ಕೂತು ನಿಮ್ಮ ಡಬ್ಬಿ ಊಟ ತಿಂದ್ರು ರೀ!”

ಇದನ್ನು ಕೇಳಿ ಎದುರು ಮನೆಯಾಕೆಗೆ ತಡೆಯಲಾಗಲಿಲ್ಲ. ಕಾರ್ಯದರ್ಶಿ ಒತ್ತಕ್ಷರನನ್ನು ಧ್ವನಿವರ್ಧಕದ ಮುಂದೆ ನಿಲ್ಲಿಸಿ, “ಮನಸ್ಸಲ್ಲಿ ಇಟ್ಕೋಬೇಡಿ. ಅವರ ಬಗ್ಗೆ ಎರಡು ಮಾತು ಹೇಳಿ, ಹಗುರಾಗುತ್ತೆ” ಎಂದರು.

ನಲವತ್ತು ಜೋಡಿ ಒದ್ದೆ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಲೋಕದ ತಪ್ಪನ್ನೆಲ್ಲ ತಿದ್ದಿದ ಮನುಷ್ಯನಿಗೆ ಈ ಒಂದನ್ನು ತಿದ್ದುವ ದಾರಿ ಕಾಣಲಿಲ್ಲ. ಕೊನೆಗೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದ.

“ಅವರು ಸಾಯೋ ಪೈಕಿ ಅಲ್ಲ. ನನಗೆ ಅವರನ್ನ ಕಂಡ್ರೆ ಭಯ. ಮದುವೆಯಾಗಿ ಆರು ವರ್ಷ ಆಯ್ತು, ಅವರ ಮುಂದೆ ಒಂದು ದಿನಾನೂ ಕಾಲು ಚಾಚಿ ಕೂತಿಲ್ಲ. ಆದ್ರೆ... ಮದುವೆಯಾದ ವರ್ಷ ನಾನು ಕೆಲಸ ಮಾಡ್ತಿದ್ದ ಹಳೇ ಪ್ರೆಸ್ಸು ಮುಚ್ಚಿಹೋಯ್ತು. ನಾನು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿಬಿಟ್ಟೆ. ಹದಿನೈದು ದಿನ. ಯಾರು ಏನು ಹೇಳಿದ್ರೂ ಏಳಲಿಲ್ಲ. ಒಂದು ದಿನ ಬೆಳಿಗ್ಗೆ ಆರಕ್ಕೆ ನಮ್ಮತ್ತೆ ಬಂದು, ಕಿವಿ ಹತ್ರ ಸೀಟಿ ಊದಿ, ಕತ್ತಿನಪಟ್ಟಿ ಹಿಡಿದು ಈಜುಕೊಳಕ್ಕೆ ಕರ್ಕೊಂಡು ಹೋಗಿ ನೀರಿಗೆ ನೂಕಿದ್ರು. ಮಾರನೇ ದಿನಾನೂ ನೂಕಿದ್ರು. ನಲವತ್ತು ದಿನ. ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸಮಾಧಾನನೂ ಹೇಳಲಿಲ್ಲ. ‘ಉಸಿರು ಬಿಡಿ, ಉಸಿರು ಬಿಡಿ’ ಅನ್ನೋದೊಂದೇ. ನಲವತ್ತೊಂದನೇ ದಿನ ನಾನು ತೇಲಿದೆ. ಅವತ್ತೇ ಮಧ್ಯಾಹ್ನ ಹೊಸ ಕೆಲಸ ಹುಡುಕೋಕೆ ಹೋದೆ. ಇದನ್ನ ನಾನು ಅವರ ಮುಂದೆ ಯಾವತ್ತೂ ಹೇಳಲಿಲ್ಲ. ಹೇಳೋಕೂ ಭಯ.”



“ಕಾಲು ಬಗ್ಗಿಸ್ತಾ ಇದ್ರಿ” ಎಂದಿತು ಬಾಗಿಲ ಕಡೆಯಿಂದ ಒಂದು ದನಿ. “ಅದನ್ನೂ ಹೇಳಿ. ಅದಕ್ಕೇ ನಲವತ್ತು ದಿನ ಹಿಡೀತು.”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒದ್ದೆ ಕೂದಲು, ಹೆಗಲ ಮೇಲೆ ಟವೆಲು. ಕಣ್ಣು ಕೆಂಪಾಗಿದ್ದವು. ಅದು ಈಜುಕೊಳದ ಔಷಧದಿಂದ ಎಂದು ಅವರು ಆಮೇಲೆ ಮೂರು ಸಲ ಹೇಳಿದರು.

“ಅಯ್ಯೋ, ಈಕೆ ಸಾಮಾನು ಹೊರೋ ಹೆಂಗಸಲ್ವಾ?” ಎಂದರು ಎದುರು ಮನೆಯಾಕೆ.

“ಯಾರಮ್ಮ ಹೋಗಿದ್ದು ಪಾಪ?” ಎಂದು ಅತ್ತೆ ಕೇಳಿದರು.

“ನೀವೇ ಅತ್ತೆ” ಎಂದ ಒತ್ತಕ್ಷರ.

ಮುಂದಿನ ಎರಡು ನಿಮಿಷಗಳ ವರದಿ ಕೊಡುವುದು ಕಷ್ಟ. ಮೊದಲ ಮಹಡಿಯ ಮುದುಕಿ ಕುರ್ಚಿಯ ಮೇಲೆ ಹತ್ತಿ ನಿಂತರೆಂದೂ, ಕಾರ್ಯದರ್ಶಿ ಚೌಕಟ್ಟನ್ನು ಎದೆಗೆ ಗುರಾಣಿಯಂತೆ ಹಿಡಿದರೆಂದೂ ಹೇಳುತ್ತಾರೆ. ಗದ್ದಲ ತಗ್ಗಿದಾಗ ಕಾರ್ಯದರ್ಶಿಗೆ ಇದ್ದ ಚಿಂತೆ ಒಂದೇ. “ಸಂತಾಪ ನಿರ್ಣಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ಇದನ್ನ ವಾಪಸ್ ತಗೊಳ್ಳೋಕೆ ವಿಧಾನವೇ ಇಲ್ವಲ್ಲ!”

“ಇರ್ಲಿ ಬಿಡಿ. ಮುಂದೆ ಬೇಕಾಗುತ್ತೆ” ಎಂದರು ಅತ್ತೆ.

ಅಷ್ಟರಲ್ಲಿ ಹೊರಗೆ ಬಿಳಿಯ ವ್ಯಾನು ಬಂದು ನಿಂತಿತು. ಅದೇ ಇಬ್ಬರು. ಎದುರು ಮನೆಯಾಕೆಗೆ ಆಗ ನೆನಪಾಯಿತು. “ಅಯ್ಯೋ, ನಾನೇ ಬೆಳಿಗ್ಗೆ ಆ ಸಂಸ್ಥೆಗೆ ಫೋನ್ ಮಾಡಿದ್ದೆ. ಆ ಜೀವ ಹೋಯ್ತು, ಇನ್ನು ಆ ಮಂಚ ನೋಡಿದ್ರೆ ಮನೆಯವರಿಗೆ ಸಂಕಟ, ತಗೊಂಡು ಹೋಗಿ ಅಂದೆ.”

ತರಲು ಹನ್ನೆರಡು ದಿನ ಸತಾಯಿಸಿದ ಸಂಸ್ಥೆ ಒಯ್ಯಲು ಒಂದೂವರೆ ಗಂಟೆಯಲ್ಲಿ ಬಂದಿತ್ತು.

ಅತ್ತೆ ಒಂದೇ ಉಸಿರಿಗೆ ಮೂರು ಮಹಡಿ ಹತ್ತಿ, ಮಂಚದ ಮೇಲೆ ಮಲಗಿ, ಎರಡೂ ಬದಿಯ ಕಂಬಿ ಏರಿಸಿಕೊಂಡರು. ಹಿಂದೆಯೇ ಸಭೆಯೂ ಹತ್ತಿತು. ವ್ಯಾನಿನವರು ಏದುಸಿರು ಬಿಡುತ್ತ ಬಂದು ಕಾಗದ ನೋಡಿದರು.

“ಅಮ್ಮ, ಇಳೀರಿ. ಪೇಷಂಟ್ ತೀರಿಕೊಂಡಿದ್ದಾರೆ ಅಂತ ಬರೆದಿದೆ.”

“ಪೇಷಂಟ್ ನಾನೇ ಕಣಪ್ಪ.”

“ಹಾಗಾದ್ರೆ ನೀವು ತೀರಿಕೊಂಡಿದ್ದೀರಿ. ಕಾಗದ ನೋಡಿ.”

ಒತ್ತಕ್ಷರ ಇಪ್ಪತ್ತನೆಯ ಸಲ ಫೋನು ಮಾಡಿದ. ಎಲ್ಲರಿಗೂ ಕೇಳುವಂತೆ ದನಿ ಜೋರು ಮಾಡಿದ. ಕೊಳಲು ಮುಗಿದು ಅದೇ ಯುವತಿ ಬಂದಳು. ವಿಷಯ ಹೇಳುವ ಮೊದಲೇ, “ಸರ್, ನೀವಾ? ನನಗೆ ಬೆಳಿಗ್ಗೆಯಿಂದ ಅಳು ತಡೆಯೋಕೆ ಆಗ್ತಿಲ್ಲ ಸರ್” ಎಂದಳು.

ಅತ್ತೆ ಕೈ ಚಾಚಿ ಫೋನು ತೆಗೆದುಕೊಂಡರು. “ಅಳ್ಬೇಡಮ್ಮ. ನಾನೇ ಸತ್ತವಳು ಮಾತಾಡ್ತಿರೋದು.”

ಆ ಕಡೆ ಏನೋ ಬಿದ್ದ ಸದ್ದು. ಬಹಳ ಹೊತ್ತಿನ ಮೇಲೆ ದನಿ ಮರಳಿತು. “ಮೇಡಂ, ನೀವು ಬದುಕಿರೋದು ನಮಗೆ ತುಂಬ ಸಂತೋಷ. ಆದ್ರೆ ಕಂಪ್ಯೂಟರಲ್ಲಿ ತೀರಿಕೊಂಡವರನ್ನ ವಾಪಸ್ ತರೋಕೆ ಗುಂಡಿ ಇಲ್ಲ. ದೂರು ಬರ್ಕೊತೀನಿ. ನಲವತ್ತೈದು ದಿನದಲ್ಲಿ ಜೀವ ಬರುತ್ತೆ.”

“ಅಲ್ಲೀತನಕ ಮಂಚ?”

“ಮಂಚದ ಮೇಲೆ ಯಾರಾದ್ರೂ ಮಲಗಿದ್ರೆ ಎತ್ತೋ ಹಾಗಿಲ್ಲ ಅಂತ ನಿಯಮ ಇದೆ ಮೇಡಂ.”

“ಸತ್ತವರು ಮಲಗಿದ್ರೆ?”

ಯುವತಿ ಯೋಚಿಸಿದಳು. “ನಿಯಮದಲ್ಲಿ ‘ಯಾರಾದ್ರೂ’ ಅಂತಷ್ಟೇ ಇದೆ.”

ವ್ಯಾನಿನವರು ಕೈ ಚೆಲ್ಲಿ, ಒಂದೊಂದು ಲೋಟ ನೀರು ಕುಡಿದು ಹೋದರು. ಅತ್ತೆ ಮಾತ್ರ ಫೋನು ಬಿಡಲಿಲ್ಲ. ತಲೆಯ ಕಡೆ ಗುಂಡಿ ಒತ್ತಿ, ಅನುಕೂಲವಾಗಿ ಎದ್ದು ಕುಳಿತು ಕೇಳಿದರು, “ಯಾಕಮ್ಮ ಹಾಗೆ ಅಳ್ತೀಯ? ದಿನಾ ಹೀಗೇನಾ?”

“ದಿನಾ ಬೈಸ್ಕೊತೀನಿ ಮೇಡಂ. ನೂರು ಜನ, ನೂರೈವತ್ತು ಜನ. ಅವರದ್ದೇನೂ ತಪ್ಪಿಲ್ಲ. ನಾನೂ ಹೊಸ ಮನೆಗೆ ಬಂದು ನಾಲ್ಕು ತಿಂಗಳಾಯ್ತು. ನಮ್ಮ ಸಂಸ್ಥೆಯಲ್ಲೇ ಮಂಚ ಬೇಕು ಅಂತ ಬರೆಸಿದ್ದೆ. ಇನ್ನೂ ಬಂದಿಲ್ಲ. ನೆಲದ ಮೇಲೆ ನಿದ್ದೆ ಬರಲ್ಲ. ಬಿಡುವಾದಾಗ ನಾನೇ ಈ ನಂಬರಿಗೆ ಫೋನ್ ಮಾಡಿ ಕೊಳಲು ಕೇಳ್ತೀನಿ.”

ಕೋಣೆಯಲ್ಲಿ ತುಂಬಿದ್ದ ಇಡೀ ಸಭೆ ತಾನಾಗಿಯೇ ಒಂದು ನಿಮಿಷ ಮೌನ ಆಚರಿಸಿತು.

“ನಿನ್ನ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತೆ?” ಎಂದರು ಅತ್ತೆ.

“ಎರಡಕ್ಕೆ ಮೇಡಂ.”

“ಮೂರಕ್ಕೆ ಇಲ್ಲಿರ್ಬೇಕು. ತಡ ಮಾಡಿದ್ರೆ ಸೀಟಿ ಊದ್ತೀನಿ.”

ಅವಳು ಮೂರಕ್ಕೆ ಐದು ನಿಮಿಷ ಮೊದಲೇ ಬಂದಳು. ತೆಳ್ಳನೆಯ ಹುಡುಗಿ, ಕಣ್ಣಿನ ಸುತ್ತ ಕಪ್ಪು, ಒಂದು ದೊಡ್ಡ ಚೀಲ. ಎದುರು ಮನೆಯಾಕೆ ಅವಳಿಗೆ ಬಡಿಸಿದರು. ಕಾರ್ಯದರ್ಶಿ ಗ್ರಾಹಕರ ಹಕ್ಕುಗಳ ಬಗ್ಗೆ ಮಾತು ತೆಗೆದು, ಅತ್ತೆ ನೋಡಿದ ನೋಟಕ್ಕೆ ಅಲ್ಲೇ ಮುಗಿಸಿದರು. ಅತ್ತೆ ಮಂಚದಿಂದ ಇಳಿದು ಹಾಸಿಗೆ ಕೊಡವಿದರು.

“ಐದು ನಿಮಿಷ ಮಲಗಿ ನೋಡು. ಈ ಗುಂಡಿ ತಲೆಗೆ, ಈ ಗುಂಡಿ ಕಾಲಿಗೆ.”

ಹುಡುಗಿ ಸಂಕೋಚದಿಂದ ಮಲಗಿದಳು. ಅತ್ತೆ ಗುಂಡಿ ಒತ್ತಿ ಕಾಲನ್ನು ನಾಲ್ಕು ಬೆರಳು ಎತ್ತಿಸಿದರು. “ಉಸಿರು ಬಿಡು” ಎಂದರು. ಅವಳು ಉಸಿರು ಬಿಟ್ಟಳು. ಮತ್ತೊಂದು ಬಿಡುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತ್ತು.

ಎಲ್ಲರೂ ತುದಿಗಾಲಲ್ಲಿ ಹೊರಟುಹೋದರು. ಹೆಂಡತಿ ಸಂಜೆ ಬಂದಾಗ ಮಂಚದ ಮೇಲೆ ಗುರುತಿಲ್ಲದ ಹುಡುಗಿ ನಿದ್ರಿಸುತ್ತಿದ್ದಳು, ಅಮ್ಮ ನೆಲದ ಮೇಲೆ ಕುಳಿತು ಬೀಸಣಿಗೆ ಬೀಸುತ್ತಿದ್ದರು, ಪಕ್ಕದಲ್ಲೇ ಗಂಡ ಕಾಲು ಚಾಚಿ ಕುಳಿತು ಹಣ್ಣು ಹೆಚ್ಚುತ್ತಿದ್ದ. ಅವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅಷ್ಟರಲ್ಲಿ ಹುಡುಗಿಯ ಚೀಲದೊಳಗೆ ಫೋನು ಕಿರುಗುಟ್ಟತೊಡಗಿತು. ಕೆಲಸ ಮುಗಿದರೂ ಜೊತೆಗೇ ಒಯ್ಯಬೇಕಾದ ಸಂಸ್ಥೆಯ ಫೋನು. ಹುಡುಗಿ ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿ ಹೊರಳಿದಳು.

ಅತ್ತೆ ಅಳಿಯನ ಕಡೆ ನೋಡಿದರು. ಒತ್ತಕ್ಷರ ಹಣ್ಣು ಕೆಳಗಿಟ್ಟು, ಫೋನು ತೆಗೆದುಕೊಂಡು, ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಆ ಕಡೆಯಿಂದ ಯಾರೋ ಗಂಡಸು ಒಂದೇ ಸಮನೆ ಕಿರುಚುತ್ತಿದ್ದ. ಮೂರು ವಾರದಿಂದ ಕಪಾಟು ಬಂದಿಲ್ಲ, ಬಟ್ಟೆಯೆಲ್ಲ ನೆಲದ ಮೇಲಿದೆ, ಹೆಂಡತಿ ಮಾತು ಬಿಟ್ಟಿದ್ದಾಳೆ.

ಒತ್ತಕ್ಷರ ಗೋಡೆಗೆ ಒರಗಿ ಕುಳಿತ.

“ಹೇಳಿ ಸರ್” ಎಂದ. “ಮೊದಲಿಂದ ಹೇಳಿ. ನನಗೇನೂ ಅವಸರವಿಲ್ಲ.”